ತ್ರಿತ್ವದ ಗೋಳದಿಂದ ಮಂಗಳನ ಕಕ್ಷೆಯವರೆಗೆ: ಕೆಪ್ಲರ್ ಪ್ರಕರಣದ ಅಧ್ಯಯನ

ಧರ್ಮಗ್ರಂಥದ ಓದಿನಿಂದ ವಿಜ್ಞಾನದ ಪ್ರಶ್ನೆಯೊಂದು ಹುಟ್ಟಬಹುದೇ, ಹುಟ್ಟಿದರೆ ಆ ಮೂಲಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಎರಡು ತುದಿಗಳಿಗೆ ಹೋಗಿ ನಿಲ್ಲುತ್ತದೆ. ಇಂದು ಕಂಡುಹಿಡಿದದ್ದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎನ್ನುವವರು ಒಂದು ಕಡೆ. ವಿಜ್ಞಾನಿಯ ದೈವಭಕ್ತಿ ಅವನ ಮನೆಯ ವಿಷಯ, ಅವನ ಲೆಕ್ಕಾಚಾರಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವವರು ಇನ್ನೊಂದು ಕಡೆ. ಜರ್ಮನಿಯ ಖಗೋಳಜ್ಞ ಯೋಹಾನಸ್ ಕೆಪ್ಲರನ ಪ್ರಕರಣ ಈ ಎರಡೂ ಮಾತುಗಳಿಗೆ ಒಗ್ಗುವುದಿಲ್ಲ. ಗ್ರಹಗಳನ್ನು ಸೂರ್ಯನೇ ನಡೆಸುತ್ತಾನೆ ಎಂಬ ಅವನ ಕಲ್ಪನೆ ಕ್ರೈಸ್ತ ದೇವತಾಶಾಸ್ತ್ರದ ನೆಲದಲ್ಲಿ ಮೊಳೆತದ್ದು. ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಆದರೆ ಆ ಕಲ್ಪನೆ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರವನ್ನು ಅವನು ಗ್ರಂಥಕ್ಕೆ ಕೊಡಲಿಲ್ಲ. 1595ರಿಂದ 1609ರವರೆಗಿನ ಈ ಹದಿನಾಲ್ಕು ವರ್ಷಗಳಲ್ಲಿ ಪ್ರೇರಣೆ ಎಲ್ಲಿಂದ ಬಂತು, ಪರೀಕ್ಷೆ ಎಲ್ಲಿ ನಡೆಯಿತು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಲು ಸಾಕಷ್ಟು ಲಿಖಿತ ಸಾಕ್ಷ್ಯ ಉಳಿದಿರುವುದರಿಂದ ಈ ಪ್ರಕರಣವನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ಪಾದ್ರಿಯಾಗಬೇಕಿದ್ದ ಗಣಿತದ ಉಪಾಧ್ಯಾಯ

ಕೆಪ್ಲರ್ 1571ರ ಡಿಸೆಂಬರ್ 27ರಂದು ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ. 1589ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದ್ದು ಲೂಥರನ್ ಪಾದ್ರಿಯಾಗಬೇಕೆಂದು. ಖಗೋಳಶಾಸ್ತ್ರ ಅಲ್ಲಿ ಎಲ್ಲರೂ ಓದಲೇಬೇಕಿದ್ದ ವಿಷಯಗಳಲ್ಲಿ ಒಂದಾಗಿತ್ತು, ಅಷ್ಟೆ. ಅದನ್ನು ಕಲಿಸುತ್ತಿದ್ದ ಮೈಕೇಲ್ ಮೇಸ್ಟ್ಲಿನ್, ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸನ ಮತವನ್ನು ಒಪ್ಪಿದ್ದ ಬೆರಳೆಣಿಕೆಯ ವಿದ್ವಾಂಸರಲ್ಲಿ ಒಬ್ಬ. ದೇವತಾಶಾಸ್ತ್ರದ ವ್ಯಾಸಂಗ ಮುಗಿಯುವ ಮುನ್ನವೇ, 1594ರಲ್ಲಿ, ಗ್ರಾಟ್ಸ್ ನಗರದ ಪ್ರಾಟೆಸ್ಟಂಟ್ ಶಾಲೆಗೆ ಗಣಿತದ ಉಪಾಧ್ಯಾಯನೊಬ್ಬ ಬೇಕೆಂದು ಕೆಪ್ಲರನನ್ನು ಕಳುಹಿಸಲಾಯಿತು. ಚರ್ಚಿನ ಸೇವೆ ಕೈತಪ್ಪಿದ ಕೊರಗು ಅವನನ್ನು ಬಹಳ ದಿನ ಕಾಡಿತು.

ಅವನಿಗೆ ದೊರೆತ ಕೊಪರ್ನಿಕಸನ ವ್ಯವಸ್ಥೆ ಹೇಗಿತ್ತು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಕೆಪ್ಲರ್ ಬದಲಾಯಿಸಿದ್ದು ಏನನ್ನು ಎಂಬುದು ಅದಿಲ್ಲದೆ ತಿಳಿಯುವುದಿಲ್ಲ. 1543ರಲ್ಲಿ ಪ್ರಕಟವಾದ ಆ ವ್ಯವಸ್ಥೆಯಲ್ಲಿ ಸೂರ್ಯ ನಡುವೆ ಇದ್ದ, ಎಲ್ಲಕ್ಕೂ ಬೆಳಕು ಕೊಡುತ್ತಿದ್ದ, ಆದರೆ ಗ್ರಹಗಳ ಚಲನೆಯಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಗ್ರಹಗಳ ದೂರವನ್ನು ಅಳೆಯುತ್ತಿದ್ದುದು ಕೂಡ ಸೂರ್ಯನಿಂದಲ್ಲ, ಅವನಿಂದ ತುಸು ಆಚೆ ಇದ್ದ ಒಂದು ಖಾಲಿ ಬಿಂದುವಿನಿಂದ, ಅಂದರೆ ಭೂಮಿಯ ಕಕ್ಷೆಯ ಕೇಂದ್ರದಿಂದ. ಖಗೋಳಜ್ಞನ ಕೆಲಸ ವೃತ್ತಗಳನ್ನು ಜೋಡಿಸಿ ಗ್ರಹ ಇಂದು ಎಲ್ಲಿದೆ, ನಾಳೆ ಎಲ್ಲಿರುತ್ತದೆ ಎಂದು ಹೇಳುವುದು. ಅದು ಏಕೆ ಚಲಿಸುತ್ತದೆ ಎಂಬುದು ತತ್ತ್ವಶಾಸ್ತ್ರಜ್ಞರ ಪಾಲಿಗೆ ಬಿಟ್ಟ ಪ್ರಶ್ನೆಯಾಗಿತ್ತು.

ಗೋಳದಲ್ಲಿ ಕಂಡ ತ್ರಿತ್ವ

ಕೆಪ್ಲರನ ಮೊದಲ ಪುಸ್ತಕ 'ಮಿಸ್ಟೀರಿಯಂ ಕಾಸ್ಮೊಗ್ರಾಫಿಕಂ' 1596ರಲ್ಲಿ ಟ್ಯೂಬಿಂಗೆನ್‌ನಲ್ಲಿ ಅಚ್ಚಾಯಿತು. ಸೃಷ್ಟಿಕರ್ತ ತನ್ನ ಸ್ವರೂಪದ ಗುರುತನ್ನು ಸೃಷ್ಟಿಯಲ್ಲಿ ಬಿಟ್ಟಿರಲೇಬೇಕು ಎಂಬುದು ಅದರ ಆಧಾರ ನಂಬಿಕೆ. ಆ ಗುರುತನ್ನು ಅವನು ಕಂಡದ್ದು ಗೋಳದ ಆಕಾರದಲ್ಲಿ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರು ಎಂಬುದು ಕ್ರೈಸ್ತರ ತ್ರಿತ್ವದ ನಂಬಿಕೆ. ಗೋಳದ ಕೇಂದ್ರ ತಂದೆಯಾದ ದೇವರು, ಹೊರಮೈ ಮಗ, ಕೇಂದ್ರಕ್ಕೂ ಹೊರಮೈಗೂ ನಡುವೆ ಎಲ್ಲೆಡೆ ಸಮನಾಗಿರುವ ಸಂಬಂಧ ಪವಿತ್ರಾತ್ಮ; ವಿಶ್ವದಲ್ಲಿ ಈ ಮೂರಕ್ಕೆ ಸರಿಯಾಗಿ ಸೂರ್ಯ, ಸ್ಥಿರ ನಕ್ಷತ್ರಗಳ ಗೋಳ ಮತ್ತು ಇವೆರಡರ ನಡುವಿನ ಅವಕಾಶ. ಇಂದಿನ ಓದುಗನಿಗೆ ಇದು ಬರಿಯ ಅಲಂಕಾರವೆಂದು ತೋರಬಹುದು. ಕೆಪ್ಲರನಿಗೆ ಅದು ಅಲಂಕಾರವಾಗಿರಲಿಲ್ಲ ಎಂಬುದಕ್ಕೆ ಅವನು ಅದರಿಂದ ಎಳೆದ ತೀರ್ಮಾನವೇ ಸಾಕ್ಷಿ. ತಂದೆ ಎಲ್ಲ ಕ್ರಿಯೆಗೂ ಮೂಲನಾಗಿರುವಂತೆ, ಕೇಂದ್ರದಲ್ಲಿರುವ ಸೂರ್ಯ ಬೆಳಕಿಗೆ ಮಾತ್ರವಲ್ಲ, ಚಲನೆಗೂ ಮೂಲನಾಗಿರಬೇಕು. ಕೊಪರ್ನಿಕಸನಲ್ಲಿ ಸುಮ್ಮನೆ ಕುಳಿತಿದ್ದ ಸೂರ್ಯನಿಗೆ ಇಲ್ಲಿ ಮೊದಲ ಬಾರಿಗೆ ಕೆಲಸ ಸಿಕ್ಕಿತು.

ಈ ಕಲ್ಪನೆ ಅಂಕಿಗಳ ಮುಂದೆ ಬಂದು ನಿಂತದ್ದು ಅದೇ ಪುಸ್ತಕದ ಇಪ್ಪತ್ತನೆಯ ಅಧ್ಯಾಯದಲ್ಲಿ. ಅವನ ತರ್ಕವನ್ನು ಇಂದಿನ ಅಳತೆಗಳಲ್ಲಿ ಹೀಗೆ ಹೇಳಬಹುದು. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದಿಟ್ಟುಕೊಂಡರೆ ಗುರುವಿನ ದೂರ ಸುಮಾರು 5.2, ಶನಿಯ ದೂರ ಸುಮಾರು 9.5, ಅಂದರೆ ಶನಿ ಸಾಗಬೇಕಾದ ದಾರಿ ಗುರುವಿನ ದಾರಿಯ ಸುಮಾರು 1.8 ಪಟ್ಟು. ಇಬ್ಬರೂ ಒಂದೇ ವೇಗದಲ್ಲಿ ಸಾಗುವುದಾದರೆ, ಗುರು 12 ವರ್ಷಗಳಲ್ಲಿ ಒಂದು ಸುತ್ತು ಮುಗಿಸುವಾಗ ಶನಿಗೆ ಸುಮಾರು 22 ವರ್ಷ ಸಾಕಾಗಬೇಕಿತ್ತು. ಆದರೆ ಶನಿಗೆ ಹಿಡಿಯುವುದು 30 ವರ್ಷಕ್ಕೆ ತುಸು ಕಡಿಮೆ. ದಾರಿ ಉದ್ದವಾಗಿರುವುದಷ್ಟೇ ಇದಕ್ಕೆ ಕಾರಣವಲ್ಲ. ಶನಿ ನಿಜವಾಗಿಯೂ ನಿಧಾನವಾಗಿ ನಡೆಯುತ್ತದೆ. ಉಳಿದ ಗ್ರಹಗಳಲ್ಲೂ ದೂರ ಹೆಚ್ಚಿದಂತೆ ವೇಗ ಕುಂದುವುದು ಕಾಣುತ್ತದೆ. ಇದಕ್ಕೆ ಎರಡೇ ವಿವರಣೆಗಳು ಸಾಧ್ಯ ಎಂದು ಕೆಪ್ಲರ್ ವಾದಿಸಿದ: ಪ್ರತಿ ಗ್ರಹಕ್ಕೂ ತನ್ನದೇ ಚಾಲಕ ಆತ್ಮವಿದ್ದು, ಸೂರ್ಯನಿಂದ ದೂರ ಹೋದಷ್ಟೂ ಅದು ದುರ್ಬಲವಾಗುತ್ತಿರಬೇಕು, ಇಲ್ಲವೇ ಸೂರ್ಯನಲ್ಲಿ ಒಂದೇ ಒಂದು ಚಾಲಕ ಆತ್ಮವಿದ್ದು, ಅದರ ಪ್ರಭಾವ ಬೆಳಕಿನಂತೆಯೇ ದೂರಕ್ಕೆ ಕುಗ್ಗುತ್ತಿರಬೇಕು. ಅವನು ಎರಡನೆಯದನ್ನು ಆರಿಸಿಕೊಂಡ.

ಗಮನಿಸಬೇಕಾದ ಸಂಗತಿ ಎಂದರೆ, ಗುರು ಮತ್ತು ಶನಿಯ ಈ ಅವಧಿಗಳು ಪ್ರಾಚೀನ ಕಾಲದಿಂದಲೂ ಎಲ್ಲರಿಗೂ ಗೊತ್ತಿದ್ದವು, ದೂರಗಳು ಕೊಪರ್ನಿಕಸನ ಪುಸ್ತಕದಲ್ಲಿ ಐವತ್ತು ವರ್ಷಗಳಿಂದ ಇದ್ದವು. ಎರಡನ್ನೂ ಎದುರುಬದುರಿಟ್ಟು ಇಲ್ಲೊಂದು ಕಾರಣ ಅಡಗಿದೆ ಎಂದು ಕೇಳಿದವರು ಇರಲಿಲ್ಲ. ಕೇಳಲು ಮೊದಲು ಕೇಂದ್ರದಲ್ಲಿರುವವನು ಏನನ್ನೋ ಮಾಡುತ್ತಿರಬೇಕು ಎಂಬ ನಿರೀಕ್ಷೆ ಬೇಕಾಗಿತ್ತು, ಮತ್ತು ಆ ನಿರೀಕ್ಷೆಯನ್ನು ಕೆಪ್ಲರನಿಗೆ ಕೊಟ್ಟದ್ದು ತ್ರಿತ್ವದ ಧ್ಯಾನ.

ಎಂಟು ನಿಮಿಷಗಳ ಕೋನ

ಪ್ರೊಟೆಸ್ಟಂಟರ ಮೇಲಿನ ಒತ್ತಡದಿಂದ ಗ್ರಾಟ್ಸ್‌ನಲ್ಲಿ ನೆಲೆ ಕಳೆದುಕೊಳ್ಳುತ್ತಿದ್ದ ಕೆಪ್ಲರ್ 1600ರ ಫೆಬ್ರವರಿಯಲ್ಲಿ ಪ್ರಾಗ್ ಬಳಿಯ ಬೆನಾಟ್ಕಿ ಕೋಟೆಯಲ್ಲಿ ಟೈಕೋ ಬ್ರಾಹೆಯನ್ನು ಕಂಡ. ದೂರದರ್ಶಕ ಇನ್ನೂ ಬಂದಿರದ ಆ ಕಾಲದಲ್ಲಿ ಬರಿಗಣ್ಣಿನ ವೀಕ್ಷಣೆಯನ್ನು ಒಂದೆರಡು ನಿಮಿಷಗಳ ಕೋನದಷ್ಟು ನಿಖರತೆಗೆ ತಂದವನು ಟೈಕೋ. (ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಇಲ್ಲಿ ನಿಮಿಷ, ಹುಣ್ಣಿಮೆಯ ಚಂದ್ರನ ಅಗಲ ಇಂಥ ಸುಮಾರು 30 ನಿಮಿಷ.) ಕೆಪ್ಲರನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ತೊಡಕಿನ ಮಂಗಳ ಗ್ರಹ. 1601ರ ಅಕ್ಟೋಬರ್ 24ರಂದು ಟೈಕೋ ತೀರಿಕೊಂಡ ಮೇಲೆ ಕೆಪ್ಲರ್ ಚಕ್ರವರ್ತಿ ಎರಡನೆಯ ರೂಡಾಲ್ಫನ ಆಸ್ಥಾನ ಗಣಿತಜ್ಞನಾದ. ಟೈಕೋನ ದಾಖಲೆಗಳ ಹಕ್ಕಿನ ಬಗ್ಗೆ ವಾರಸುದಾರರೊಡನೆ ತಕರಾರು ಮುಂದುವರಿದರೂ ಅವು ಅವನ ಕೈಯಲ್ಲೇ ಉಳಿದವು.

ಸೂರ್ಯನೇ ಚಾಲಕ ಎಂದು ನಂಬಿದವನಿಗೆ ಖಾಲಿ ಬಿಂದುವಿನಿಂದ ದೂರ ಅಳೆಯುವುದು ಅರ್ಥಹೀನವಾಗಿ ಕಂಡಿತು. ಆದ್ದರಿಂದ ಅವನು ಮಾಡಿದ ಮೊದಲ ಕೆಲಸ ಎಲ್ಲ ಲೆಕ್ಕವನ್ನೂ ನಿಜವಾದ ಸೂರ್ಯನಿಗೆ ತಂದು ಕಟ್ಟಿದ್ದು. ಫಲ ಕೂಡಲೇ ಸಿಕ್ಕಿತು. ಹಳೆಯ ಲೆಕ್ಕದಲ್ಲಿ ಮಂಗಳನ ಕಕ್ಷೆಯ ತಲ ಮೇಲೆ ಕೆಳಗೆ ತೂಗಾಡುತ್ತಿತ್ತು. ಆ ತಲ ಸೂರ್ಯನ ಮೂಲಕ ಹಾದುಹೋಗುತ್ತದೆ ಎಂದು ಇಟ್ಟುಕೊಂಡಾಗ ತೂಗಾಟ ನಿಂತು, ಅದು ಭೂಮಿಯ ಕಕ್ಷೆಗೆ 1 ಡಿಗ್ರಿ 50 ನಿಮಿಷದ ಓರೆಯಲ್ಲಿ ಸ್ಥಿರವಾಗಿರುವುದು ಕಂಡುಬಂತು. ಪ್ರೇರಣೆಯ ಮೂಲ ಏನೇ ಇರಲಿ, ಅದು ಇಲ್ಲಿ ಅಳೆದು ನೋಡಬಹುದಾದ ಲಾಭವನ್ನು ತಂದಿತು.

ಎರಡನೆಯ ಹೆಜ್ಜೆ ಇನ್ನೂ ಜಾಣತನದ್ದು. ಮಂಗಳ 687 ದಿನಗಳಿಗೊಮ್ಮೆ ತನ್ನ ಕಕ್ಷೆಯ ಅದೇ ಜಾಗಕ್ಕೆ ಮರಳುತ್ತದೆ, ಆದರೆ ಆ ದಿನಗಳಲ್ಲಿ ಭೂಮಿ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿರುತ್ತದೆ. ಅಷ್ಟು ಅಂತರದ ವೀಕ್ಷಣೆಗಳನ್ನು ಟೈಕೋನ ದಾಖಲೆಯಿಂದ ಆಯ್ದುಕೊಂಡು, ಮಂಗಳನನ್ನು ನೆಟ್ಟ ಗೂಟವೆಂಬಂತೆ ಬಳಸಿ, ಕೆಪ್ಲರ್ ಭೂಮಿಯ ಕಕ್ಷೆಯನ್ನೇ ಅಳೆದ. ಭೂಮಿಯೂ ಸೂರ್ಯನ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನ ಚಲಿಸುತ್ತದೆ ಎಂಬುದು ಇದರಿಂದ ಖಚಿತವಾಯಿತು. ಅಂದರೆ ಗ್ರಹದಿಂದ ಗ್ರಹಕ್ಕೆ ಕಂಡಿದ್ದ ನಿಯಮ ಒಂದೇ ಗ್ರಹದ ಒಂದೇ ಸುತ್ತಿನೊಳಗೂ ನಡೆಯುತ್ತಿತ್ತು. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರಫಲವನ್ನು ಆವರಿಸುತ್ತದೆ ಎಂಬ, ಇಂದು ಅವನ ಎರಡನೆಯ ನಿಯಮವೆಂದು ಕರೆಯುವ ಸೂತ್ರ ಈ ವಿಚಾರದಿಂದ ಬಂದದ್ದು. ಕಾಲಕ್ರಮದಲ್ಲಿ ಅದು, ಕಕ್ಷೆ ದೀರ್ಘವೃತ್ತವೆಂಬ ಮೊದಲನೆಯ ನಿಯಮಕ್ಕಿಂತ ಹಳೆಯದು.

ಇಷ್ಟಾದರೂ ಮಂಗಳ ಪಳಗಲಿಲ್ಲ. ವೃತ್ತಾಕಾರದ ಕಕ್ಷೆಯನ್ನೇ ಇಟ್ಟುಕೊಂಡು ಕೆಪ್ಲರ್ ಕಟ್ಟಿದ ಒಂದು ಮಾದರಿಯ ಹಿಂದೆ ಕನಿಷ್ಠ 70 ಸಲ ತಿರುಗಿ ತಿರುಗಿ ಮಾಡಿದ ಲೆಕ್ಕವಿತ್ತು. ಓದುಗನಿಗೆ ಬೇಸರವಾದರೆ ಅಷ್ಟು ಸಲ ಮಾಡಿದ ನನ್ನ ಮೇಲೆ ಕನಿಕರಪಡಲಿ ಎಂದು ಅವನೇ ಬರೆದುಕೊಂಡಿದ್ದಾನೆ. ಆ ಮಾದರಿ ಮಂಗಳ ಸೂರ್ಯನಿಗೆ ಎದುರಾಗಿ ನಿಂತ ಹನ್ನೆರಡು ಸಂದರ್ಭಗಳ ದಿಕ್ಕನ್ನು ಸುಮಾರು 2 ನಿಮಿಷದೊಳಗೆ ಹೇಳುತ್ತಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಲೇಖನಿ ಕೆಳಗಿಡುತ್ತಿದ್ದರು. ಆದರೆ ದಿಕ್ಕನ್ನು ಸರಿಯಾಗಿ ಹೇಳುತ್ತಿದ್ದ ಅದು ದೂರವನ್ನು ತಪ್ಪಾಗಿ ಹೇಳುತ್ತಿತ್ತು, ದೂರವನ್ನು ಸರಿಪಡಿಸಿದಾಗ ದಿಕ್ಕಿನಲ್ಲಿ 8 ನಿಮಿಷಗಳಷ್ಟು ತಪ್ಪು ತಲೆಯೆತ್ತಿತು. ಇದು ಚಂದ್ರನ ಅಗಲದ ಕಾಲು ಭಾಗದಷ್ಟು. 10 ನಿಮಿಷದ ತಪ್ಪನ್ನು ಪ್ರಾಚೀನ ಖಗೋಳಜ್ಞ ಟಾಲೆಮಿಯ ಕಾಲದಿಂದಲೂ ತಪ್ಪೆಂದು ಯಾರೂ ಎಣಿಸಿರಲಿಲ್ಲ.

ಪ್ರಕರಣದ ತಿರುಳು ಇರುವುದು ಇಲ್ಲಿ. ಆ 8 ನಿಮಿಷಗಳನ್ನು ಏಕೆ ಕಡೆಗಣಿಸಬಾರದು ಎಂಬುದಕ್ಕೆ ಕೆಪ್ಲರ್ ಕೊಟ್ಟ ಕಾರಣ ಕೂಡ ಧಾರ್ಮಿಕವಾದದ್ದೇ. ದೈವಕೃಪೆ ನಮಗೆ ಟೈಕೋನಂಥ ಶ್ರದ್ಧಾವಂತ ವೀಕ್ಷಕನನ್ನು ಕೊಟ್ಟಿರುವಾಗ, ಆ ವೀಕ್ಷಣೆಯಿಂದಲೇ ಈ ತಪ್ಪು ಹೊರಬಿದ್ದಿರುವಾಗ, ದೇವರ ಈ ಕೊಡುಗೆಯನ್ನು ಕೃತಜ್ಞತೆಯಿಂದ ಸ್ವೀಕರಿಸಿ ಬಳಸಿಕೊಳ್ಳಬೇಕು ಎಂದು ಅವನು ಬರೆದ. ಈ 8 ನಿಮಿಷಗಳೇ ಇಡೀ ಖಗೋಳಶಾಸ್ತ್ರದ ಸುಧಾರಣೆಗೆ ದಾರಿ ತೋರಿದವು ಎಂದೂ ಸೇರಿಸಿದ. ಭಕ್ತಿ ಪ್ರಶ್ನೆಯನ್ನು ಕೊಡುತ್ತದೆ, ಅಳತೆ ಉತ್ತರವನ್ನು ಕೊಡುತ್ತದೆ ಎಂದು ಕೆಲಸವನ್ನು ಅಚ್ಚುಕಟ್ಟಾಗಿ ಹಂಚಿಬಿಡುವುದು ಸುಲಭ. ಕೆಪ್ಲರನಲ್ಲಿ ಅಳತೆಗೆ ತಲೆಬಾಗುವ ಶಿಸ್ತು ಕೂಡ ಭಕ್ತಿಯಿಂದಲೇ ಬಂದಿತ್ತು: ಸೃಷ್ಟಿ ದೇವರ ಕೈಬರಹವಾದರೆ, ಅದರ ಒಂದು ಅಕ್ಷರವನ್ನೂ ತನ್ನ ಅನುಕೂಲಕ್ಕೆ ತಿದ್ದಿಕೊಳ್ಳುವ ಹಕ್ಕು ಓದುಗನಿಗಿಲ್ಲ.

ವೃತ್ತವನ್ನು ಕೈಬಿಟ್ಟು, ಮೊಟ್ಟೆಯಾಕಾರದೊಡನೆ ಬಹುಕಾಲ ಹೆಣಗಾಡಿ, 1605ರಲ್ಲಿ ಅವನು ದೀರ್ಘವೃತ್ತಕ್ಕೆ ಬಂದು ತಲುಪಿದ. ಮಂಗಳನ ದೀರ್ಘವೃತ್ತದಲ್ಲಿ ಕಿರಿಯ ಅಕ್ಷ ಹಿರಿಯದಕ್ಕಿಂತ ಚಿಕ್ಕದಾಗಿರುವುದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಕಣ್ಣಿಗೆ ಅದು ವೃತ್ತವೇ. ಸೂರ್ಯ ಅದರ ಒಂದು ನಾಭಿಯಲ್ಲಿ (ದೀರ್ಘವೃತ್ತದ ಆಕಾರವನ್ನು ನಿರ್ಧರಿಸುವ ಒಳಗಿನ ಎರಡು ಬಿಂದುಗಳಲ್ಲಿ ಒಂದರಲ್ಲಿ) ಇರುವುದು ಕಂಡಾಗ ಮೊದಲಿನ ನಿರೀಕ್ಷೆಯೂ ಉಳಿಯಿತು. 'ಆಸ್ಟ್ರೊನೋಮಿಯಾ ನೋವಾ' ಎಂಬ ಹೆಸರಿನಲ್ಲಿ ಇದೆಲ್ಲ ಅಚ್ಚಾದದ್ದು 1609ರಲ್ಲಿ.

ಗ್ರಂಥವನ್ನು ಅವನು ಓದಿದ ರೀತಿ

ಅದೇ ಪುಸ್ತಕದ ಪೀಠಿಕೆಯಲ್ಲಿ ಕೆಪ್ಲರ್ ಬೈಬಲ್ಲಿನ ವಚನಗಳನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಸೂರ್ಯ ನಿಲ್ಲಲಿ ಎಂದು ಯೆಹೋಶುವ ಬೇಡಿಕೊಂಡದ್ದನ್ನೂ, ಭೂಮಿ ಕದಲದಂತೆ ಸ್ಥಾಪಿತವಾಗಿದೆ ಎನ್ನುವ 104ನೆಯ ಕೀರ್ತನೆಯನ್ನೂ ಭೂಮಿಯ ಚಲನೆಗೆ ವಿರುದ್ಧವಾಗಿ ಎತ್ತಿ ಹಿಡಿಯುತ್ತಿದ್ದ ಕಾಲವದು. ಗ್ರಂಥ ಜನರೊಡನೆ ಜನರ ಮಾತಿನಲ್ಲಿ, ಕಣ್ಣಿಗೆ ಕಂಡಂತೆ ಮಾತನಾಡುತ್ತದೆ; ಭೌತಶಾಸ್ತ್ರವನ್ನು ಕಲಿಸುವುದು ಅದರ ಉದ್ದೇಶವಲ್ಲ; ಕೀರ್ತನೆಕಾರ ದೇವರನ್ನು ಸ್ತುತಿಸುತ್ತಿದ್ದಾನೆ, ಖಗೋಳದ ಪಾಠ ಹೇಳುತ್ತಿಲ್ಲ ಎಂಬುದು ಅವನ ನಿಲುವು. ಇದೇ ಬಗೆಯ ಸಮರ್ಥನೆಯನ್ನು ಮೊದಲ ಪುಸ್ತಕದಲ್ಲೇ ಸೇರಿಸಲು ಹೊರಟಿದ್ದಾಗ ಟ್ಯೂಬಿಂಗೆನ್‌ನ ದೇವತಾಶಾಸ್ತ್ರಜ್ಞ ಮಥಿಯಾಸ್ ಹಾಫೆನ್‌ರೆಫರ್ ಅದನ್ನು ಬಿಡಿಸಿದ್ದ.

ಹೀಗಾಗಿ, ತ್ರಿತ್ವದಿಂದ ಸೂರ್ಯನ ಚಾಲಕ ಶಕ್ತಿಯನ್ನು ಊಹಿಸಿದ ಇದೇ ವ್ಯಕ್ತಿ ಒಂದೇ ಒಂದು ವಚನವನ್ನು ಸಹ ತನ್ನ ಸಿದ್ಧಾಂತಕ್ಕೆ ಪುರಾವೆಯಾಗಿ ಒಡ್ಡಲಿಲ್ಲ. ನಮ್ಮ ನಡುವೆ ಪ್ರತಿ ಹೊಸ ಶೋಧನೆಗೂ ಹಳೆಯ ಶ್ಲೋಕವೊಂದನ್ನು ಹುಡುಕಿ ತರುವವರು ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು. ಅವರ ದಾರಿ ಉತ್ತರದಿಂದ ಗ್ರಂಥಕ್ಕೆ ಹಿಂದಿರುಗುತ್ತದೆ, ಆದ್ದರಿಂದ ಅದರಿಂದ ಹೊಸ ಪ್ರಶ್ನೆ ಹುಟ್ಟುವುದಿಲ್ಲ. ಕೆಪ್ಲರ್ ಗ್ರಂಥದಿಂದ ಹೊರಟು, ಉತ್ತರ ಏನಾಗಬಹುದೆಂದು ತಿಳಿಯದೆ, ಮಂಗಳನ ಲೆಕ್ಕದೊಳಗೆ ಇಳಿದ.

ಅದೇ ಮೂಲದ ಇನ್ನೊಂದು ಕಲ್ಪನೆ

ಪ್ರಕರಣವನ್ನು ಇಷ್ಟಕ್ಕೇ ನಿಲ್ಲಿಸಿದರೆ ಧಾರ್ಮಿಕ ಪ್ರೇರಣೆಯ ಬಗ್ಗೆ ಅತಿಯಾದ ಭರವಸೆ ಮೂಡೀತು. ಕೆಪ್ಲರನಿಗೆ ತನ್ನ ಮೊದಲ ಪುಸ್ತಕದಲ್ಲಿ ಎಲ್ಲಕ್ಕಿಂತ ಪ್ರಿಯವಾಗಿದ್ದದ್ದು ಸೂರ್ಯನ ಶಕ್ತಿಯ ವಿಚಾರವಲ್ಲ. 1595ರ ಜುಲೈ 19ರಂದು ಗ್ರಾಟ್ಸ್‌ನ ತರಗತಿಯಲ್ಲಿ ಗುರು ಮತ್ತು ಶನಿಯ ಯುತಿಗಳು (ಆಕಾಶದಲ್ಲಿ ಎರಡೂ ಒಂದೆಡೆ ಕಾಣುವ ಸಂದರ್ಭಗಳು) ರಾಶಿಚಕ್ರದಲ್ಲಿ ಹೇಗೆ ಸರಿಯುತ್ತವೆ ಎಂದು ತೋರಿಸಲು ಅವನು ಒಂದು ವೃತ್ತದೊಳಗೆ ತ್ರಿಕೋನದ ಮೇಲೆ ತ್ರಿಕೋನ ಎಳೆಯುತ್ತಾ ಹೋದ; ಅವುಗಳ ಬಾಹುಗಳು ಒಳಗೆ ಇನ್ನೊಂದು ಸಣ್ಣ ವೃತ್ತವನ್ನು ತಾವಾಗಿ ರೂಪಿಸಿದವು. ಎರಡು ವೃತ್ತಗಳ ಪ್ರಮಾಣ ಶನಿ ಮತ್ತು ಗುರುವಿನ ದೂರಗಳ ಪ್ರಮಾಣಕ್ಕೆ ಹತ್ತಿರವಿದ್ದುದು ಅವನ ಕಣ್ಣಿಗೆ ಬಿತ್ತು. ಚಪ್ಪಟೆ ಆಕೃತಿಗಳಿಂದ ಅವನು ಘನಾಕೃತಿಗಳಿಗೆ ಹೋದ. ಎಲ್ಲ ಮುಖಗಳೂ ಒಂದೇ ಸಮನಾದ ಸಮಬಾಹು ಆಕೃತಿಗಳಾಗಿದ್ದು, ಪ್ರತಿ ಮೂಲೆಯಲ್ಲೂ ಅಷ್ಟೇ ಮುಖಗಳು ಸೇರುವ ಘನಾಕೃತಿಗಳು ಐದೇ ಐದು. ಆಗ ಗೊತ್ತಿದ್ದ ಆರು ಗ್ರಹಗಳ ನಡುವಿನ ತೆರವುಗಳೂ ಐದು. ಪ್ರತಿ ಗ್ರಹದ ಕಕ್ಷೆಗೂ ತುಸು ದಪ್ಪದ ಒಂದು ಗೋಳವನ್ನು ಕಲ್ಪಿಸಿ, ಒಂದು ಗೋಳದೊಳಗೆ ಒಂದು ಘನಾಕೃತಿ, ಅದರೊಳಗೆ ಮುಂದಿನ ಗ್ರಹದ ಗೋಳ ಎಂದು ಅವನು ಕೂರಿಸಿದ. ಶನಿ ಮತ್ತು ಗುರುವಿನ ನಡುವೆ ಷಟ್‌ಫಲಕವಾದ ಘನ, ಗುರು ಮತ್ತು ಮಂಗಳನ ನಡುವೆ ಚತುಷ್ಫಲಕ ಎಂದು ಜೋಡಿಸುತ್ತಾ ಹೋದಾಗ ಸೃಷ್ಟಿಕರ್ತನ ನಕ್ಷೆಯೇ ಕೈಗೆ ಸಿಕ್ಕಿತೆಂದು ಅವನಿಗೆ ಅನ್ನಿಸಿತು. ಪಾದ್ರಿಯಾಗಲಿಲ್ಲವೆಂದು ತಳಮಳಿಸುತ್ತಿದ್ದೆ, ಈಗ ನೋಡಿ, ಖಗೋಳಶಾಸ್ತ್ರದಲ್ಲೂ ದೇವರ ಮಹಿಮೆ ಬೆಳಗುತ್ತಿದೆ ಎಂಬರ್ಥದಲ್ಲಿ ಅವನು ಆ ಅಕ್ಟೋಬರ್‌ನಲ್ಲಿ ಮೇಸ್ಟ್ಲಿನ್‌ಗೆ ಬರೆದ.

ಅಂಕಿಗಳು ಅಷ್ಟು ಉದಾರವಾಗಿರಲಿಲ್ಲ. ಶನಿಗೋಳದ ಒಳಮೈಯನ್ನು 1000 ಎಂದಿಟ್ಟರೆ ಗುರುಗೋಳದ ಹೊರಮೈ ಘನಾಕೃತಿಯ ಪ್ರಕಾರ 577 ಆಗಬೇಕು, ಕೊಪರ್ನಿಕಸನ ಪ್ರಕಾರ ಅದು 635. ಅಷ್ಟು ದೂರದ ಗ್ರಹಗಳಲ್ಲಿ ಇಂಥ ವ್ಯತ್ಯಾಸ ಅಚ್ಚರಿಯಲ್ಲ ಎಂದು ಕೆಪ್ಲರ್ ಸಮಾಧಾನ ಹೇಳಿದ. ಹೀಗೆ ಪ್ರತಿ ಸಲವೂ ಹೊರಗಿನ ಗ್ರಹದ ಗೋಳದ ಒಳಮೈಯನ್ನು 1000 ಎಂದಿಟ್ಟಾಗ, ಮಂಗಳನಿಗೆ ಎರಡೂ ಕಡೆ 333, ಅದ್ಭುತ ಹೊಂದಾಣಿಕೆ. ಬುಧನ ಸರದಿ ಬಂದಾಗ ಅಷ್ಟಫಲಕ ಕೊಡುತ್ತಿದ್ದುದು 577, ಬೇಕಾಗಿದ್ದುದು 723. ಆಗ ಅವನು ಅಷ್ಟಫಲಕದೊಳಗಿನ ಗೋಳವನ್ನು ಬಿಟ್ಟು ಅದರ ನಡುವಿನ ಚೌಕದೊಳಗಿನ ವೃತ್ತವನ್ನು ಹಿಡಿದು 707ನ್ನು ಪಡೆದುಕೊಂಡ. ಮಂಗಳನ 8 ನಿಮಿಷಕ್ಕೆ ವರ್ಷಗಳ ಕೆಲಸವನ್ನು ಬಲಿಗೊಟ್ಟವನು ಇಲ್ಲಿ ನಿಯಮವನ್ನೇ ಬಾಗಿಸಿದ. ನನ್ನ ಅಭಿಪ್ರಾಯದಲ್ಲಿ ಎರಡು ಕಲ್ಪನೆಗಳ ನಡುವಿನ ಅಂತರ ಅವುಗಳ ಮೂಲದಲ್ಲಿಲ್ಲ, ಭಕ್ತಿಯ ತೀವ್ರತೆಯಲ್ಲೂ ಇಲ್ಲ. ಸೂರ್ಯನ ಶಕ್ತಿ ಎಂಬುದು ಪ್ರತಿ ರಾತ್ರಿಯ ಲೆಕ್ಕಕ್ಕೂ ಇಳಿಯುತ್ತಿತ್ತು, ತಪ್ಪಿದರೆ ಎಲ್ಲಿ ತಪ್ಪಿತೆಂದು ತೋರುತ್ತಿತ್ತು. ಘನಾಕೃತಿಗಳ ವಿನ್ಯಾಸಕ್ಕೆ ಇದ್ದದ್ದು ಐದು ಸಂಖ್ಯೆಗಳ ಪರೀಕ್ಷೆ, ಅದರಲ್ಲೂ ಜಾರಿಕೊಳ್ಳಲು ದಾರಿಗಳಿದ್ದವು. 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ಸನ್ನು ಕಂಡಾಗ ಗ್ರಹಗಳು ಆರೇ ಎಂಬ ಅದರ ಆಧಾರವೂ ಹೋಯಿತು. ಕೆಪ್ಲರ್ ಮಾತ್ರ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಆ ಸಂಖ್ಯೆಗಳು ಏಕೆ ಪೂರ್ತಿ ಹೊಂದುವುದಿಲ್ಲ ಎಂದು ಸಂಗೀತದ ಸ್ವರಪ್ರಮಾಣಗಳಲ್ಲಿ ಹುಡುಕುತ್ತಿದ್ದಾಗಲೇ, 1618ರ ಮೇ 15ರಂದು, ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿದೆ ಎಂಬ ಮೂರನೆಯ ನಿಯಮ ಅವನಿಗೆ ದೊರೆಯಿತು. ತಪ್ಪು ಕಲ್ಪನೆಯೂ ಬರಿಗೈಯಲ್ಲಿ ಕಳುಹಿಸಲಿಲ್ಲ.

ಆತ್ಮದಿಂದ ಬಲಕ್ಕೆ

ಗ್ರಹವನ್ನು ನಡೆಸುವುದು ಏನು ಎಂಬ ವಿಚಾರ ಈ ನಡುವೆ ಬದಲಾಗುತ್ತಾ ಬಂದಿತ್ತು. ವಿಲಿಯಂ ಗಿಲ್ಬರ್ಟ್ 1600ರಲ್ಲಿ ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ತೋರಿಸಿದ್ದು ಕೆಪ್ಲರನಿಗೆ ಒಂದು ಭೌತಿಕ ಮಾದರಿಯನ್ನು ಒದಗಿಸಿತು. 1605ರ ಒಂದು ಪತ್ರದಲ್ಲಿ ಅವನು, ಆಕಾಶದ ಯಂತ್ರ ದೈವಿಕ ಜೀವಿಯಂತಲ್ಲ, ಗಡಿಯಾರದಂತೆ ಎಂದು ತೋರಿಸುವುದೇ ತನ್ನ ಗುರಿ ಎಂದ. ಸೂರ್ಯ ತನ್ನ ಸುತ್ತ ತಾನು ತಿರುಗುತ್ತಾ ಗ್ರಹಗಳನ್ನು ಜೊತೆಗೆ ಸೆಳೆದೊಯ್ಯುತ್ತಾನೆ ಎಂದು 1609ರಲ್ಲಿ ಬರೆದದ್ದು ಊಹೆಯಾಗಿತ್ತು. ಕೆಲವೇ ವರ್ಷಗಳಲ್ಲಿ ದೂರದರ್ಶಕದಲ್ಲಿ ಕಂಡ ಸೂರ್ಯನ ಕಲೆಗಳು ಅವನು ತಿರುಗುತ್ತಿರುವುದನ್ನು ಖಚಿತಪಡಿಸಿದವು. ಮೊದಲ ಪುಸ್ತಕವನ್ನು 1621ರಲ್ಲಿ ಟಿಪ್ಪಣಿಗಳೊಂದಿಗೆ ಮತ್ತೆ ಅಚ್ಚು ಹಾಕಿಸಿದಾಗ, ಇಲ್ಲಿ 'ಆತ್ಮ' ಎಂದಿರುವೆಡೆ 'ಬಲ' ಎಂದು ಓದಿಕೊಂಡರೆ ಮಂಗಳನ ಪುಸ್ತಕದ ಭೌತಶಾಸ್ತ್ರದ ತತ್ತ್ವವೇ ಸಿಗುತ್ತದೆ ಎಂದು ಅವನು ಇಪ್ಪತ್ತನೆಯ ಅಧ್ಯಾಯಕ್ಕೆ ಸೇರಿಸಿದ.

ಇದನ್ನು ವಿರೋಧಿಸಿದವರಲ್ಲಿ ಅವನ ಗುರುವೂ ಇದ್ದ. ಖಗೋಳದ ವಿಷಯಗಳಲ್ಲಿ ಭೌತಿಕ ಕಾರಣಗಳನ್ನು ಬೆರೆಸಬೇಡ, ಜ್ಯಾಮಿತಿ ಮತ್ತು ಅಂಕಗಣಿತವೇ ಸಾಕು ಎಂದು ಮೇಸ್ಟ್ಲಿನ್ 1616ರಲ್ಲಿ ಬರೆದ. ಕೊಪರ್ನಿಕಸನನ್ನು ಕೆಪ್ಲರನಿಗೆ ಪರಿಚಯಿಸಿದವನೇ ಅವನು. ಅವನೂ ಅದೇ ಚರ್ಚಿನ ಭಕ್ತ, ಅದೇ ತ್ರಿತ್ವವನ್ನು ನಂಬಿದವನು. ನಂಬಿಕೆ ಒಂದೇ ಆದರೂ ಅದು ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕಾರಣದ ಹುಡುಕಾಟಕ್ಕೆ ಹಚ್ಚಿತು ಎಂಬುದನ್ನು, ಗ್ರಂಥವೇ ವಿಜ್ಞಾನವನ್ನು ಹುಟ್ಟಿಸುತ್ತದೆ ಎನ್ನುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೆಪ್ಲರ್ ಊಹಿಸಿದ ಬಲದ ವಿವರಗಳು ಉಳಿಯಲಿಲ್ಲ. ಅದು ದೂರಕ್ಕೆ ವಿಲೋಮ ಅನುಪಾತದಲ್ಲಿ ಕುಗ್ಗುತ್ತದೆ ಎಂದು ಅವನು ಭಾವಿಸಿದ್ದ, ಮತ್ತು ಅದು ಗ್ರಹವನ್ನು ಪಕ್ಕದಿಂದ ಮುಂದಕ್ಕೆ ನೂಕುತ್ತದೆ ಎಂದು ತಿಳಿದಿದ್ದ. 1687ರಲ್ಲಿ ಐಸಾಕ್ ನ್ಯೂಟನ್, ಚಲಿಸುತ್ತಿರುವ ಗ್ರಹಕ್ಕೆ ಮುಂದಕ್ಕೆ ನೂಕುವ ಕೈ ಬೇಕಿಲ್ಲ, ಸೂರ್ಯನ ಕಡೆಗೆ ಎಳೆಯುವ ಬಲವಷ್ಟೇ ಸಾಕು ಎಂದು ತೋರಿಸಿದ. ಆ ಎಳೆತ ಸದಾ ಸೂರ್ಯನತ್ತಲೇ ಇದ್ದರೆ ಸಮಾನ ಕಾಲಕ್ಕೆ ಸಮಾನ ಕ್ಷೇತ್ರಫಲ ಎಂಬ ಕೆಪ್ಲರನ ನಿಯಮ ತಾನಾಗಿ ಬರುತ್ತದೆ, ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗಿದರೆ ದೀರ್ಘವೃತ್ತವೂ ಮೂರನೆಯ ನಿಯಮವೂ ಬರುತ್ತವೆ ಎಂದು ಸಾಧಿಸಿದ.